ನೀರಿದ್ದರೆ ನಾಳೆ: ಊರಿನ ಲೆಕ್ಕ, ದೇಶದ ಲೆಕ್ಕ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರೋದು ಸಾಮಾನ್ಯದ ಮಾತಲ್ಲ. ಮಳೆ ಬಂದ ವರ್ಷವೂ ಬಾಗಿಲು ತೆಗೆಯಬೇಕು, ಬಾರದ ವರ್ಷವೂ ತೆಗೆಯಬೇಕು. ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. 1905ರಲ್ಲೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಆ ಸಾಲಿನಲ್ಲಿ ನೀವೂ ಒಬ್ಬರಾಗಿ ನಿಂತಿದ್ದೀರಿ. ಈ ಸಂತೋಷದಲ್ಲಿ ಭಾಗವಹಿಸಲು ಬೆಂಗಳೂರಿನ ತ್ಯಾಗರಾಜನಗರದಿಂದ ಬಂದಿರುವ ನಮ್ಮನ್ನು ಕರೆದು, ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ಮೊದಲು ವಂದನೆಗಳು.

"ನೀರಿನ ಅಭಾವ ಮತ್ತು ಆರ್ಥಿಕ ಪ್ರಗತಿ" ಅನ್ನೋ ವಿಷಯ ಕೊಟ್ಟಿದ್ದೀರಿ. ಹೆಸರು ದೊಡ್ಡದಾಗಿದೆ. ಆದರೆ ಇದು ನಿಮ್ಮ ಸಂಘದ ಸಾಲದ ಪುಸ್ತಕದಲ್ಲೇ ಇರುವ ವಿಷಯ. ಅಲ್ಲದೆ ನಮಗೂ ನಿಮಗೂ ಮಧ್ಯೆ ಒಂದು ಹಳೇ ನಂಟಿದೆ, ಅದು ನೀರಿನದೇ ನಂಟು. ಅಲ್ಲಿಂದಲೇ ಪ್ರಾರಂಭ ಮಾಡೋಣ.

ನಮ್ಮ ಬಡಾವಣೆಯ ನಲ್ಲಿಯಲ್ಲಿ ಬರುವ ನೀರು ಕಾವೇರಿಯದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ, ಅಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಒಂದು ಸಲ ಪಂಪು ಹೊಡೆದು, ಕನಕಪುರ ರಸ್ತೆಯುದ್ದಕ್ಕೂ ಕೊಳವೆಯಲ್ಲಿ ಬರುತ್ತೆ. ಸುಮಾರು ನೂರು ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ. ಈ ಸೀಮೆಯ ಹೊಲಗಳ ಪಕ್ಕದಲ್ಲೇ ಆಳುದ್ದದ ಕೊಳವೆ ಹಾದುಹೋಗುತ್ತೆ. ಹೊಲದವರು ಆಕಾಶ ನೋಡ್ತಾರೆ, ಕೊಳವೆ ಒಳಗಿನ ನೀರು ಊರಿನ ಕಡೆ ತಿರುಗದೆ ನೆಟ್ಟಗೆ ಪಟ್ಟಣಕ್ಕೆ ಹೋಗುತ್ತೆ. ಈ ಮಾತನ್ನು ಪಟ್ಟಣದವರಾದ ನಾವೇ ಮೊದಲು ಆಡಿಬಿಡೋದು ಮರ್ಯಾದೆ.

ಬೆಂಗಳೂರಿಗೆ ಹುಟ್ಟಿನಿಂದಲೂ ನದಿ ಇಲ್ಲ. ಕೆಂಪೇಗೌಡರ ಕಾಲದಿಂದ ಕೆರೆ ಕಟ್ಟಿಕೊಂಡು ಬಾಳಿದ ಊರು ಅದು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ನಮ್ಮ ಬಸವನಗುಡಿ ಕಡೆಯ ಕಾರಂಜಿ ಕೆರೆ ಹೆಸರಿಗಷ್ಟೇ ಉಳಿದಿದೆ. ಕೆರೆ ಸಾಲದೆ ಹೋದಾಗ 1894ರಲ್ಲಿ ಅರ್ಕಾವತಿಯ ಹೆಸರಘಟ್ಟಕ್ಕೆ ಹೋದರು. ಅದೂ ಸಾಲದೆ 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿಗೆ ಹೋದರು. ಆಮೇಲೆ ಕಾವೇರಿ. ಮೊದಲನೇ ಹಂತ 1974ರಲ್ಲಿ ಬಂತು. ಎರಡು, ಮೂರು, ನಾಲ್ಕು ಹಂತ ಮುಗಿಯೋ ಹೊತ್ತಿಗೆ, ಅಂದರೆ 2012ಕ್ಕೆ, ದಿನಕ್ಕೆ 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ನಗರದ ಅಂಚಿನ 110 ಹಳ್ಳಿಗಳಿಗೆಂದು ಇನ್ನೂ 77 ಕೋಟಿ 50 ಲಕ್ಷ ಲೀಟರ್ ಸೇರಿತು. ಪ್ರತಿ ಸಲವೂ "ಇಷ್ಟಾದರೆ ಸಾಕು" ಅಂದರು. ಪ್ರತಿ ಸಲವೂ ಊರು ನೀರಿಗಿಂತ ಮುಂದೆ ಓಡಿತು.

ಇದರಿಂದ ಒಂದು ಪಾಠ ಕಲೀಬೇಕು. ಬೆಂಗಳೂರಿನ ಕಾರ್ಖಾನೆ, ಕಂಪ್ಯೂಟರ್ ಕಂಪನಿ, ಆಸ್ಪತ್ರೆ, ಹೋಟೆಲು ಎಲ್ಲವೂ ಬುದ್ಧಿಯಿಂದ, ಬಂಡವಾಳದಿಂದ ಬೆಳೆದವು ಅನ್ನುತ್ತೇವೆ. ನಿಜ. ಆದರೆ ಅದರ ಅಡಿಗೆ ದೂರದಿಂದ ಎತ್ತಿ ತಂದ ನೀರಿದೆ. ನೀರು ಯಾರ ಆಯವ್ಯಯದಲ್ಲೂ ಮೊದಲನೇ ಸಾಲಿನಲ್ಲಿ ಕಾಣೋದಿಲ್ಲ. ಅದು ನಿಂತಾಗ ಮಾತ್ರ ಉಳಿದ ಎಲ್ಲ ಸಾಲೂ ಅಲ್ಲಾಡುತ್ತೆ.

ಅದು ನಿಂತಾಗ ಏನಾಗುತ್ತೆ ಅನ್ನೋದನ್ನು 2024ರ ಬೇಸಿಗೆಯಲ್ಲಿ ಕಣ್ಣಾರೆ ಕಂಡೆವು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯೋ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5 ಸಾವಿರ ರೂಪಾಯಿ ದಂಡ ಅಂದರು. ಟ್ಯಾಂಕರ್‌ಗಳು ಬಾಯಿಗೆ ಬಂದ ದರ ಹೇಳತೊಡಗಿದಾಗ, ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತ ಮಧ್ಯೆ ಬಂದು, ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್ ಟ್ಯಾಂಕರ್‌ಗೆ ಒಂದು ಸಾವಿರ ರೂಪಾಯಿ ಅಂತ ಕಟ್ಟುಮಾಡಿತು.

ಆಗ ಯಾರಿಗೆ ಎಷ್ಟು ಪೆಟ್ಟು ಬಿತ್ತು ಅನ್ನೋದನ್ನು ಗಮನಿಸಬೇಕು. ನಮ್ಮಂಥ ಹಳೇ ಬಡಾವಣೆಯವರಿಗೆ ಕಾವೇರಿ ಸಂಪರ್ಕವಿದೆ, ಮನೆ ಕೆಳಗೆ ಸಂಪು, ಮೇಲೆ ಟ್ಯಾಂಕು ಇದೆ. ದಿನ ಬಿಟ್ಟು ದಿನ ನೀರು ಬಂದರೂ ಹಿಡಿದಿಟ್ಟುಕೊಳ್ಳಬಹುದು. ನಗರದ ಅಂಚಿನಲ್ಲಿ ಬಾಡಿಗೆಗೆ ಇರುವ ಕೂಲಿಯವರಿಗೆ ಸಂಪೆಲ್ಲಿ? ಅವರದು ನಾಲ್ಕು ಕೊಡ, ಎರಡು ಬಕೆಟ್ಟು. ದುಡ್ಡಿದ್ದವರು ಟ್ಯಾಂಕರ್ ತರಿಸಿಕೊಂಡರು. ಸಣ್ಣ ದರ್ಶಿನಿಯವರು ತಟ್ಟೆ ತೊಳೆಯೋ ನೀರಿಗೂ ಲೆಕ್ಕ ಹಾಕಿದರು. ಕಟ್ಟಡದ ಕೆಲಸ ನಿಧಾನವಾದ ಕಡೆ ಗಾರೆ ಕೆಲಸದವರ ದಿನಗೂಲಿ ಹೋಯಿತು. ಬಡವನೇ ಲೀಟರಿಗೆ ಹೆಚ್ಚು ಬೆಲೆ ಕೊಡೋದು, ಶ್ರೀಮಂತನೇ ಕಡಿಮೆ ಕೊಡೋದು, ಇದೇ ನೀರಿನ ಅಭಾವದ ವಿಚಿತ್ರ ನ್ಯಾಯ. ಅಭಿವೃದ್ಧಿಶೀಲ ರಾಷ್ಟ್ರಗಳ ಎಷ್ಟೋ ನಗರಗಳಲ್ಲಿ ಇದೇ ಕಥೆ.

ಇನ್ನು ಹಳ್ಳಿಗೆ ಬರೋಣ. ಹಳ್ಳಿಯಲ್ಲಿ ನೀರಿನ ಅಭಾವ ಸಾಲದ ರೂಪದಲ್ಲಿ ಬರುತ್ತೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಒಬ್ಬ ರೈತ ಹಿಪ್ಪುನೇರಳೆ ಕಡ್ಡಿಗೆ ನೀರು ಸಾಲದೆ ಬೋರು ಕೊರೆಸ್ತಾನೆ. ಮುನ್ನೂರು ಅಡಿಗೆ ನೀರು ಬರುತ್ತೆ. ಪಕ್ಕದ ಹೊಲದವನು ನೋಡಿ ಐನೂರು ಅಡಿ ಕೊರೆಸ್ತಾನೆ. ಮೊದಲಿನವನ ಬೋರು ಗಾಳಿ ಉಗುಳೋಕೆ ಶುರುಮಾಡುತ್ತೆ. ಅವನು ಮತ್ತೆ ಸಾಲ ಮಾಡಿ ಎಂಟುನೂರು ಅಡಿಗೆ ಹೋಗ್ತಾನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ಕೊನೆಗೆ ಏನುಳಿಯಿತು? ಬೋರು ಬತ್ತಿತು, ಸಾಲ ಬತ್ತಲಿಲ್ಲ. ಇದೇ ದುಡ್ಡು ಒಂದು ಸೀಮೆಹಸುವಿಗೆ, ಮಗಳ ಕಾಲೇಜಿಗೆ, ಮನೆಯ ಸೂರಿಗೆ ಹೋಗಿದ್ದರೆ ಅದಕ್ಕೆ ಬೆಳವಣಿಗೆ ಅನ್ನಬಹುದಿತ್ತು. ಕಲ್ಲಿನೊಳಗೆ ತೂತು ಹೊಡೆಯಲು ಹೋದ ದುಡ್ಡಿಗೆ ಏನನ್ನಬೇಕು? ದೇಶದ ಲೆಕ್ಕದಲ್ಲಿ ಬೋರು ಕೊರೆದ ಖರ್ಚನ್ನೂ ಉತ್ಪನ್ನ ಅಂತಲೇ ಕೂಡಿಸಿಕೊಳ್ತಾರೆ. ರೈತನ ಮನೆಯ ಲೆಕ್ಕದಲ್ಲಿ ಅದು ನಷ್ಟ.

ಇನ್ನೊಂದು ನಷ್ಟ ಯಾವ ಪುಸ್ತಕಕ್ಕೂ ಬರೋದಿಲ್ಲ. ಅದು ಹೆಣ್ಣುಮಕ್ಕಳ ಹೊತ್ತು. ಪ್ರಪಂಚದಲ್ಲಿ ಹೆಂಗಸರು, ಹೆಣ್ಣುಮಕ್ಕಳು ನೀರು ತರಲು ದಿನಕ್ಕೆ ಒಟ್ಟು 20 ಕೋಟಿ ಗಂಟೆ ಕಳೀತಾರೆ ಅಂತ ಯುನಿಸೆಫ್ 2016ರಲ್ಲಿ ಹೇಳಿತು. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಾಟೋದಿಲ್ಲ. ಒಂದು ಮನೆ ಲೆಕ್ಕ ಮಾಡಿ ನೋಡೋಣ. ಕೊಡ ಹೊತ್ತು, ಸಾಲಿನಲ್ಲಿ ನಿಂತು, ದಿನಕ್ಕೆ ಎರಡು ಗಂಟೆ ಹೋಯಿತು ಅಂದುಕೊಳ್ಳಿ. ವರ್ಷಕ್ಕೆ 730 ಗಂಟೆ. ಎಂಟು ಗಂಟೆಗೊಂದು ಆಳು ಅಂದರೆ 91 ಆಳಿನ ಕೆಲಸ. ಮೂರು ತಿಂಗಳ ಕೂಲಿಯನ್ನು ಆ ತಾಯಿ ನೀರಿಗೆ ತೆತ್ತಳು. ನಲ್ಲಿ ಎದುರು ಸಾಲು ನಿಂತ ಹುಡುಗಿ ಶಾಲೆಗೆ ತಡವಾಗಿ ಹೋದರೆ ಆ ನಷ್ಟ ಅವಳ ಮುಂದಿನ ನಲವತ್ತು ವರ್ಷದ ಸಂಪಾದನೆ ಮೇಲೆ ಬೀಳುತ್ತೆ.

ಇಂಥ ಲಕ್ಷಾಂತರ ಮನೆಗಳ ನಷ್ಟ ಕೂಡಿದರೆ ದೇಶದ ನಷ್ಟ. ನಮ್ಮ ದೇಶದಲ್ಲಿ 1951ರಲ್ಲಿ ತಲೆಗೆ ವರ್ಷಕ್ಕೆ 5,177 ಘನ ಮೀಟರ್ ನೀರು ದೊರೆಯುವಂತಿತ್ತು. 2011ರ ಹೊತ್ತಿಗೆ ಅದು 1,545ಕ್ಕೆ ಇಳಿಯಿತು. ಇದು 1,700ಕ್ಕಿಂತ ಕೆಳಗಿಳಿದರೆ ನೀರಿನ ಒತ್ತಡ, 1,000ಕ್ಕಿಂತ ಕೆಳಗಾದರೆ ಅಭಾವ ಅಂತ ತಜ್ಞರ ಅಳತೆ. ನೀರಿನ ನಿರ್ವಹಣೆ ಸುಧಾರಿಸದಿದ್ದರೆ ಕೆಲವು ಪ್ರದೇಶಗಳ ಒಟ್ಟು ಉತ್ಪನ್ನ 2050ರ ವೇಳೆಗೆ ಶೇಕಡಾ 6ರಷ್ಟು ಕುಗ್ಗಬಹುದು ಎಂದು ವಿಶ್ವಬ್ಯಾಂಕ್ 2016ರಲ್ಲಿ ಎಚ್ಚರಿಸಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ 2018ರಲ್ಲಿ ನಲ್ಲಿಗಳನ್ನೇ ಮುಚ್ಚುವ ಹಂತಕ್ಕೆ ಬಂದು, ತಲೆಗೆ ದಿನಕ್ಕೆ 50 ಲೀಟರ್ ಅಂತ ಪಡಿ ಕಟ್ಟಿ ಹೇಗೋ ಪಾರಾಯಿತು. 2019ರಲ್ಲಿ ಪಕ್ಕದ ಚೆನ್ನೈಗೆ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಮಳೆ ಕಡಿಮೆ ಇದ್ದರೆ ಬಡತನ ಖಂಡಿತವೇ? ಹಾಗೇನೂ ಇಲ್ಲ. ಇಸ್ರೇಲಿನ ಬಹುಭಾಗದಲ್ಲಿ ನಮ್ಮಷ್ಟು ಮಳೆಯೇ ಇಲ್ಲ. ಅವರು ಹನಿ ನೀರಾವರಿ ಮಾಡಿದರು, ಬಳಸಿದ ನೀರನ್ನು ಶುದ್ಧಿ ಮಾಡಿ ಮತ್ತೆ ಹೊಲಕ್ಕೆ ಬಿಟ್ಟರು, ಸಮುದ್ರದ ನೀರನ್ನೂ ಸಿಹಿ ಮಾಡಿಕೊಂಡರು. ಅದಕ್ಕೆಲ್ಲ ದುಡ್ಡು ಬೇಕು, ವಿದ್ಯುತ್ ಬೇಕು ಅನ್ನೋದೂ ಸತ್ಯ. ಬಡ ದೇಶದ ಕಷ್ಟವೇ ಇದು: ನೀರಿಲ್ಲದ್ದರಿಂದ ದುಡ್ಡು ಬರೋದಿಲ್ಲ, ದುಡ್ಡಿಲ್ಲದ್ದರಿಂದ ನೀರು ಬರೋದಿಲ್ಲ. ಈ ಗಂಟನ್ನು ಒಬ್ಬ ರೈತ ಒಬ್ಬನೇ ಬಿಚ್ಚಲಾರ. ಹತ್ತು ಜನ ಸೇರಿದರೆ ಬಿಚ್ಚಬಹುದು. ಅದಕ್ಕೇ ಸಹಕಾರ ಸಂಘದ ಮುಂದೆ ಈ ಮಾತು.

ನಿಮ್ಮ ಭಾಷೆಯಲ್ಲೇ ಹೇಳ್ತೀವಿ. ಮಳೆ ಅನ್ನೋದು ವರ್ಷದ ವರಮಾನ. ಕೆರೆ ಅನ್ನೋದು ಉಳಿತಾಯ ಖಾತೆ. ಅಂತರ್ಜಲ ಅನ್ನೋದು ಅಜ್ಜ ಮುತ್ತಜ್ಜಂದಿರು ಇಟ್ಟುಹೋದ ಠೇವಣಿ. ವರಮಾನ, ಉಳಿತಾಯದಲ್ಲಿ ಬದುಕೋನು ಗಟ್ಟಿ ಕುಳ. ಠೇವಣಿ ಮುರಿದು ತಿನ್ನೋನು ಇವತ್ತು ಜೋರಾಗಿ ಕಂಡರೂ ನಾಳೆ ದಿವಾಳಿ. ಎಲ್ಲ ಸದಸ್ಯರೂ ಬರೀ ಹಣ ತೆಗೆಯೋಕೆ ಬಂದು, ಕಟ್ಟೋಕೆ ಯಾರೂ ಬಾರದಿದ್ದರೆ ನಿಮ್ಮ ಸಂಘ ಎಷ್ಟು ದಿನ ನಡೆದೀತು? ನೆಲದೊಳಗಿನ ನೀರೂ ಅಷ್ಟೆ. ಬೋರು ಒಬ್ಬೊಬ್ಬರದು, ಆದರೆ ಕೆಳಗಿನ ನೀರು ಎಲ್ಲರದು. ಪ್ರಪಂಚದಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದೇ ಅನ್ನೋದನ್ನು ಮರೀಬಾರದು.

ವರಮಾನ ಕಡಿಮೆಯೇನಲ್ಲ. ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ಮೇಲೆ ಬೀಳೋ ನೀರು ಸುಮಾರು 32 ಲಕ್ಷ ಲೀಟರ್. 12 ಸಾವಿರ ಲೀಟರ್ ಟ್ಯಾಂಕರ್‌ನಲ್ಲಿ ತುಂಬಿದರೆ ಸುಮಾರು 270 ಟ್ಯಾಂಕರ್. ಅಂದಿನ ಬೆಂಗಳೂರಿನ ದರ ಕಟ್ಟಿದರೆ 2 ಲಕ್ಷ 70 ಸಾವಿರ ರೂಪಾಯಿ ಮಾಲು. ಅಷ್ಟನ್ನೂ ಹಿಡಿಯೋಕಾಗೋಲ್ಲ, ಬೆಳೆ ಕುಡಿಯುತ್ತೆ, ಬಿಸಿಲು ಹೀರುತ್ತೆ. ಹತ್ತರಲ್ಲಿ ಒಂದು ಪಾಲು ಕೃಷಿ ಹೊಂಡದಲ್ಲಿ ನಿಂತರೂ, ಮಳೆ ಎರಡು ವಾರ ಕೈಕೊಟ್ಟಾಗ ರಾಗಿಗೆ ಒಂದೆರಡು ನೀರು ಕೊಟ್ಟು ತೆನೆ ಉಳಿಸಿಕೊಳ್ಳಬಹುದು.

ಆದ್ದರಿಂದ ಬೆಳ್ಳಿಹಬ್ಬದ ಈ ವರ್ಷದಲ್ಲಿ ಸಂಘ ಮೂರು ಕೆಲಸ ಯೋಚಿಸಬೇಕು ಅಂತ ನಮ್ಮ ಪ್ರಾರ್ಥನೆ.

ಮೊದಲನೆಯದು, ವರ್ಷಕ್ಕೊಮ್ಮೆ ಊರಿನ ನೀರಿನ ಆಯವ್ಯಯ. ಮಹಾರಾಷ್ಟ್ರದ ಹಿವರೆ ಬಜಾರ್ ಅನ್ನೋ ಬರಗಾಲದ ಹಳ್ಳಿಯಲ್ಲಿ ಪೋಪಟ್‌ರಾವ್ ಪವಾರ್ ಅವರು ಸರಪಂಚರಾದ ಮೇಲೆ ಜನ ಒಡ್ಡು ಹಾಕಿದರು, ಗಿಡ ಬೆಳೆಸಿದರು, ಬೇಸಾಯಕ್ಕೆ ಬೋರು ಕೊರೆಯೋದನ್ನು ತಾವೇ ನಿಲ್ಲಿಸಿಕೊಂಡರು. ಎಷ್ಟು ಮಳೆ ಬಿತ್ತು, ಎಷ್ಟು ನೀರಿದೆ ಅಂತ ಗ್ರಾಮಸಭೆಯಲ್ಲಿ ಲೆಕ್ಕ ಹಾಕಿ, ಆಮೇಲೆ ಯಾವ ಬೆಳೆ ಅಂತ ತೀರ್ಮಾನ ಮಾಡ್ತಾರೆ. ನಮಗೂ ಇದು ಹೊಸದಲ್ಲ. ನಮ್ಮ ನೀರಗಂಟಿ ಇನ್ನೇನು ಮಾಡ್ತಿದ್ದ? ಕೆರೆಯಲ್ಲಿ ನೀರೆಷ್ಟು ನೋಡಿ, ತೂಬು ಎತ್ತಿ, ಇಂಥ ಗದ್ದೆಗೆ ಇಷ್ಟು ಹೊತ್ತು ಅಂತ ಹಂಚುತಿದ್ದ. ಗೌಡರ ಗದ್ದೆಗೂ ಅದೇ ಲೆಕ್ಕ, ತಳವಾರನ ಗದ್ದೆಗೂ ಅದೇ ಲೆಕ್ಕ ಅನ್ನೋದು ಅವನ ಧರ್ಮ. ಎಲ್ಲ ಊರಲ್ಲೂ ಹಾಗೇ ನಡೆಯಿತು ಅಂತ ಹೇಳಲಾರೆವು. ಆದರೆ ಹಾಗೆ ನಡೆಯಬೇಕು ಅನ್ನೋ ಕಟ್ಟಳೆಯಾದರೂ ಇತ್ತು.

ಎರಡನೆಯದು, ಸಾಲ ಕೊಡುವ ರೀತಿ. ಈ ಮಾತು ಸಭೆಯಲ್ಲಿ ಕೆಲವರಿಗೆ ಹಿಡಿಸದೇ ಇರಬಹುದು, ಆದರೂ ಹೇಳಬೇಕು. ಎರಡು ಬೋರು ಬತ್ತಿದ ಹೊಲಕ್ಕೆ ಮೂರನೇ ಬೋರಿಗೆ ಸಾಲ ಕೊಡೋದು ರೈತನಿಗೆ ಮಾಡುವ ಉಪಕಾರ ಅಲ್ಲ. ಅದೇ ಮೊತ್ತವನ್ನು ಹೊಂಡಕ್ಕೆ, ಬದುವಿಗೆ, ಹನಿ ಕೊಳವೆಗೆ, ನಾಲ್ಕು ಜನ ಸೇರಿ ಬಳಸುವ ಒಂದು ಬಾವಿಯ ಮರುಪೂರಣಕ್ಕೆ ಕೊಟ್ಟರೆ ಸಾಲ ತೀರುವ ದಾರಿಯೂ ಕಾಣುತ್ತೆ. "ನಾನು ಬಿಟ್ಟರೆ ಪಕ್ಕದವನು ಎತ್ತುತ್ತಾನಲ್ಲ" ಅನ್ನೋ ಮಾತು ನ್ಯಾಯವಾದದ್ದೇ. ಅದಕ್ಕೇ ಒಬ್ಬೊಬ್ಬರಿಗೆ ಬುದ್ಧಿ ಹೇಳಿದರೆ ಸಾಲದು, ಸಂಘ ಎಲ್ಲರಿಗೂ ಸೇರಿ ಒಂದು ನಿಯಮ ಮಾಡಬೇಕು. ಬೆಳೆಯ ಆಯ್ಕೆಯೂ ಹಾಗೇ. ಒಂದು ಕಿಲೋ ಅಕ್ಕಿಯ ಹಿಂದೆ ಸರಾಸರಿ ಸುಮಾರು 2,500 ಲೀಟರ್ ನೀರಿದೆ. ನಮ್ಮ ಸೀಮೆಯ ರಾಗಿ ಮಳೆಯಾಶ್ರಯದಲ್ಲೇ ಕೈಹಿಡಿಯುತ್ತೆ. ರಾಗಿಗೆ ಒಳ್ಳೆ ಬೆಲೆ ಕಟ್ಟಿಸುವ ಕೆಲಸವೂ ನೀರುಳಿಸುವ ಕೆಲಸವೇ.

ಮೂರನೆಯದು, ಕೆರೆ. ನಮ್ಮ ರಾಜ್ಯದಲ್ಲಿ 36 ಸಾವಿರದಷ್ಟು ಕೆರೆಗಳಿವೆ ಅಂತ ಲೆಕ್ಕ. ಏರಿ ಭದ್ರವಾಗಿದ್ದು, ಕೋಡಿ ಸರಿಯಿದ್ದು, ಹೂಳು ತೆಗೆದು, ನೀರು ಬರುವ ಕಾಲುವೆ ಒತ್ತುವರಿ ಆಗದಿದ್ದರೆ ಕೆರೆಯೇ ಸುತ್ತಲ ಬಾವಿಗಳ ತಾಯಿ. ತೆಗೆದ ಹೂಳು ಹೊಲಕ್ಕೆ ಗೊಬ್ಬರ. ಸಂಘ ಟ್ರ್ಯಾಕ್ಟರ್ ಬಾಡಿಗೆಗೆ ಅಲ್ಪಾವಧಿ ಸಾಲ ಕೊಟ್ಟರೂ ಸಾಕು, ಅರ್ಧ ಕೆಲಸ ಆದಂತೆ.

ಇದನ್ನೆಲ್ಲ ನಿಮಗೆ ಹೇಳಿ ನಾವು ಸುಮ್ಮನೆ ಎದ್ದು ಹೋದರೆ ಅದು ಪಟ್ಟಣದವರ ಬೋಧನೆ ಆಗುತ್ತೆ. ನಮ್ಮ ಪಾಲಿನ ಬಾಕಿಯನ್ನೂ ಹೇಳಬೇಕು.

ನಮ್ಮ ಬಡಾವಣೆಯ ಸಮೀಪದ ಬಸವನಗುಡಿಯ ಬೆಟ್ಟದ ಕಡೆ ವೃಷಭಾವತಿ ಹುಟ್ಟುತ್ತಾಳೆ. ಹೆಸರು ನದಿ, ಹರಿಯೋದು ಚರಂಡಿ. ನಾವು ಸ್ನಾನ ಮಾಡಿದ್ದು, ತೊಳೆದದ್ದು, ಕಾರ್ಖಾನೆ ಬಿಟ್ಟದ್ದು ಎಲ್ಲ ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿ ಸೇರುತ್ತೆ. ಯೋಚನೆ ಮಾಡಿ. ಒಳ್ಳೇ ನೀರು ಕನಕಪುರ ರಸ್ತೆಯಲ್ಲಿ ಮೇಲಕ್ಕೆ ಬರುತ್ತೆ, ಕೆಟ್ಟ ನೀರು ಪಕ್ಕದ ಕಣಿವೆಯಲ್ಲಿ ಕೆಳಕ್ಕೆ ಹೋಗುತ್ತೆ. ಮಧ್ಯೆ ಇರುವ ಹಳ್ಳಿಯವರಿಗೆ ಸಿಕ್ಕಿದ್ದು ಯಾವುದು? ಇದು ನ್ಯಾಯವಾದ ವ್ಯಾಪಾರ ಅಲ್ಲ. ತೆಗೆದುಕೊಂಡ ನೀರನ್ನು ಶುದ್ಧ ಮಾಡಿ ಹಿಂದಿರುಗಿಸೋದು ನಗರದ ಕರ್ತವ್ಯ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ ಕೆರೆ ತುಂಬಿದೆ, ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಅಲ್ಲಿನ ರೈತರು ಕೇಳುತ್ತಿದ್ದಾರೆ. ಅವರು ಕೇಳೋದು ಸರಿ. ಪಟ್ಟಣದವರು ಮುಟ್ಟಲು ಹೇಸುವ ನೀರನ್ನು ಹಳ್ಳಿಯವರು ಪ್ರಸಾದ ಅಂತ ಸ್ವೀಕರಿಸಬೇಕಾಗಿಲ್ಲ.

ಮನೆ ಮೇಲಿನ ಮಳೆಯೂ ನಮ್ಮ ಬಾಕಿಯೇ. ಬೆಂಗಳೂರಿನಲ್ಲಿ ವರ್ಷಕ್ಕೆ 950 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತೆ. ಸಾವಿರ ಚದರಡಿ ತಾರಸಿ ಇದ್ದರೆ, ಪೋಲು ಕಳೆದು 80 ಸಾವಿರ ಲೀಟರ್. ತಲೆಗೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ಸುಮಾರು ಐದು ತಿಂಗಳ ನೀರು. ಅಷ್ಟನ್ನೂ ಸಂಪು ಹಿಡಿಯೋಲ್ಲ, ಉಳಿದದ್ದನ್ನು ಇಂಗುಗುಂಡಿಗೆ ಬಿಡಬೇಕು. 2009ರಲ್ಲೇ ಮಳೆ ನೀರು ಕೊಯ್ಲನ್ನು ಕಾನೂನು ಮಾಡಿದರು. ನಮ್ಮ ನೆರೆಯ ಜಯನಗರದಲ್ಲಿ ಅದನ್ನು ಜನರಿಗೆ ತೋರಿಸಿಕೊಡಲು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಒಂದು ಉದ್ಯಾನವನ್ನೇ ಮಾಡಿದ್ದಾರೆ. ಆದರೂ ಪೈಪು ಹಾಕಿ ರಸೀತಿ ಇಟ್ಟುಕೊಂಡ ಮನೆಗಳೆಷ್ಟೋ, ನಿಜವಾಗಿ ನೀರು ಹಿಡಿದ ಮನೆಗಳೆಷ್ಟೋ! 2014ರ ನಂತರ 2025ರಲ್ಲಿ ನೀರಿನ ದರ ಏರಿದಾಗ ಪಟ್ಟಣದಲ್ಲಿ ಗೊಣಗಿದವರು ಬಹಳ. ನೂರು ಕಿಲೋಮೀಟರ್ ದೂರದಿಂದ ಮೂರು ಕಡೆ ಪಂಪು ಹೊಡೆದು ತಂದ ನೀರಿಗೆ ಬೆಲೆ ಇದೆ ಅನ್ನೋದನ್ನು ಉಳ್ಳವರು ಒಪ್ಪಿಕೊಳ್ಳಬೇಕು. ಇಲ್ಲದವರಿಗೆ ಸುಲಭವಾಗಿ ಸಿಗಬೇಕು. ಎರಡೂ ಒಟ್ಟಿಗೆ ಆಗಬೇಕು.

ಕಾವೇರಿಗಾಗಿ ಎರಡು ರಾಜ್ಯಗಳು ನೂರು ವರ್ಷಕ್ಕೂ ಹೆಚ್ಚು ಕಾಲ ವಾದ ಮಾಡಿವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ ಪಾಲಿಗೆ ಸೇರಿಸಿದ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದೇ ಕೊಟ್ಟಿದ್ದು. ನದಿಯಿಂದ ಇನ್ನು ಎಷ್ಟೆಂದು ಕೇಳಲಾದೀತು? ಮುಂದಿನ ನೀರು ನಮ್ಮ ತಾರಸಿ ಮೇಲೆ, ನಿಮ್ಮ ಬದುವಿನಲ್ಲಿ, ಇಬ್ಬರ ನಡುವಿನ ಕೆರೆಯಲ್ಲಿದೆ.

ಇಪ್ಪತ್ತೈದು ವರ್ಷ ನೀವು ಹಣದ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬಿ ನಡೆದಿದ್ದೀರಿ. ಆ ನಂಬಿಕೆಯನ್ನು ನೀರಿನ ವಿಷಯಕ್ಕೂ ಹಬ್ಬಿಸಿ ಅಂತ ಕೇಳಿಕೊಳ್ತೇವೆ. ಸಾಲದ ಪುಸ್ತಕದ ಪಕ್ಕದಲ್ಲಿ ನೀರಿನದೊಂದು ಪುಸ್ತಕ ಇಡಿ. ಈ ವರ್ಷದ ಮಳೆ ಎಷ್ಟು, ಕೆರೆ ಎಷ್ಟು, ಬೋರುಗಳ ಮಟ್ಟ ಎಷ್ಟು ಅಂತ ಬರೆಯಿರಿ. ಮಹಾಸಭೆಯಲ್ಲಿ ಲಾಭ ನಷ್ಟ ಓದಿದ ಮೇಲೆ ಅದನ್ನೂ ಓದಿ. ಚಿನ್ನದ ಹಬ್ಬದ ಹೊತ್ತಿಗೆ ಆ ಪುಸ್ತಕದಲ್ಲಿ ಠೇವಣಿ ಏರಿದ್ದರೆ ಸಂಘವೂ ಇರುತ್ತೆ, ಊರಿನ ಮಕ್ಕಳೂ ಊರಲ್ಲೇ ಇರುತ್ತಾರೆ.